ಬೀಟ್ ಪುಸ್ತಕದಲ್ಲಿ ಇಲ್ಲದ ಅಪರಾಧ

ಬಂದರಿನಲ್ಲಿ ಒಂದು ಬೋಟಿನ ಬ್ಯಾಟರಿ ಕಳುವಾದರೆ ಮರುದಿನವೇ ನಾಲ್ಕು ಜನ ಸೇರುತ್ತಾರೆ. ಬೋಟಿನ ಮಾಲೀಕರು ಬರುತ್ತಾರೆ, ಠಾಣೆಯಿಂದ ಒಬ್ಬರು ಬರುತ್ತಾರೆ, ವಾರ್ಡಿನ ಮೆಂಬರು ಬರುತ್ತಾರೆ. ಎಲ್ಲಿ ದೀಪ ಉರಿಯುತ್ತಿಲ್ಲ, ಎಲ್ಲಿ ಕ್ಯಾಮೆರಾ ಹಾಕಬೇಕು, ರಾತ್ರಿ ಹೊತ್ತು ಜೆಟ್ಟಿಯ ಮೇಲೆ ಯಾರು ತಿರುಗಾಡುತ್ತಾರೆ ಎಂದು ಚರ್ಚೆಯಾಗುತ್ತದೆ. ಅದೇ ಕೇರಿಯಲ್ಲಿ, ಅದೇ ವಾರ, ಒಬ್ಬ ಹೆಂಗಸಿನ ಕೈ ಮುರಿದರೆ ಯಾರೂ ಸೇರುವುದಿಲ್ಲ. ಬ್ಯಾಟರಿ ಹೋದದ್ದು ಅಪರಾಧ. ಕೈ ಮುರಿದದ್ದು ಅವರ ಮನೆಯ ವಿಷಯ.

ಈ ಮಾತನ್ನು ನಾವು ಮೂವತ್ತು ವರ್ಷಗಳಿಂದ ಹೇಳುತ್ತಿದ್ದೇವಲ್ಲ, ಮತ್ತೇಕೆ ಎಂದು ಕೆಲವು ಗೆಳತಿಯರಿಗೆ ಅನಿಸಬಹುದು. ಈಗ ಹೇಳಲು ಕಾರಣವಿದೆ. ಊರಿನ ಸುರಕ್ಷತೆ ಪೊಲೀಸರೊಬ್ಬರ ಕೆಲಸವಲ್ಲ, ಸ್ಥಳೀಯ ಆಡಳಿತವೂ ಜನರೂ ಜೊತೆಗೂಡಬೇಕು ಎಂಬ ಮಾತು ಈಗ ಬರೀ ಭಾಷಣವಾಗಿ ಉಳಿದಿಲ್ಲ, ಕಾರ್ಯಕ್ರಮವಾಗಿದೆ. 2017ರಲ್ಲಿ ರಾಜ್ಯದ ಪೊಲೀಸ್ ಇಲಾಖೆ ಬೀಟ್ ಪದ್ಧತಿಯನ್ನು ಹೊಸದಾಗಿ ಕಟ್ಟಿತು. ಒಂದೊಂದು ಬೀಟಿಗೆ ಒಬ್ಬ ಪೊಲೀಸ್, ಅವರೊಡನೆ ಆ ಜಾಗದ ನಾಗರಿಕರದೇ ಒಂದು ಸಮಿತಿ. 2025ರ ಜುಲೈನಲ್ಲಿ ಸರ್ಕಾರ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮ ಆರಂಭಿಸಿತು. ನಲವತ್ತು ಐವತ್ತು ಮನೆಗಳನ್ನು ಒಂದು ಗುಂಪು ಮಾಡಿಕೊಂಡು ಪೊಲೀಸರೇ ಮನೆ ಬಾಗಿಲಿಗೆ ಬಂದು, ಏನು ತೊಂದರೆ ಎಂದು ಕೇಳಿ ಬರೆದುಕೊಳ್ಳಬೇಕು. ಇದನ್ನು ನಾನು ವಿರೋಧಿಸುವುದಿಲ್ಲ. ಠಾಣೆಯ ಮೆಟ್ಟಿಲು ಹತ್ತಲು ಹೆದರುವ ಹೆಂಗಸಿನ ಬಾಗಿಲಿಗೆ ಠಾಣೆಯೇ ಬರುವುದಾದರೆ ಬರಲಿ. ನನ್ನ ಪ್ರಶ್ನೆ ಬೇರೆ. ಬಾಗಿಲು ತೆರೆಯುವವರು ಯಾರು? ತೊಂದರೆ ಹೇಳುವವರು ಯಾರು? ಅವರು ಹೇಳಿದ್ದರಲ್ಲಿ ಆ ಪುಸ್ತಕಕ್ಕೆ ಇಳಿಯುವುದೆಷ್ಟು?

ಬೈತಖೋಲವನ್ನೇ ತೆಗೆದುಕೊಳ್ಳೋಣ. ಕಾರವಾರದ ಮೀನುಗಾರಿಕಾ ಬಂದರು ಇರುವುದು ಇಲ್ಲಿ, ಪಕ್ಕದಲ್ಲೇ ವಾಣಿಜ್ಯ ಬಂದರು, ದಕ್ಷಿಣಕ್ಕೆ ನೌಕಾನೆಲೆ. ಟ್ರಾಲರು, ಪರ್ಸೀನ್ ಬೋಟು, ಸಣ್ಣ ದೋಣಿ ಎಲ್ಲ ಇಲ್ಲಿಗೇ ಬರುತ್ತವೆ. ಬೆಳಗಾಗುವ ಮೊದಲೇ ಮೀನು ಇಳಿಯುತ್ತದೆ, ಹರಾಜಾಗುತ್ತದೆ, ಹೆಂಗಸರ ಬುಟ್ಟಿಗೆ ಬೀಳುತ್ತದೆ. ಬುಟ್ಟಿ ಹೊತ್ತು ಪೇಟೆಗೂ ಕೇರಿ ಕೇರಿಗೂ ಹೋಗಿ ಮಾರಿ, ಮಧ್ಯಾಹ್ನ ಹಣ ತರುವವಳು ಹೆಂಗಸು. ಬಲೆಯ ಲೆಕ್ಕ, ಡೀಸೆಲ್ಲಿನ ಲೆಕ್ಕ, ಸಂಘದ ಕಂತು ಎಲ್ಲ ಅವಳ ಸೆರಗಿನ ಗಂಟಿನಲ್ಲಿ. ಇಷ್ಟು ದುಡಿಯುವ ಹೆಂಗಸರಿರುವ ಕಡೆ ಹೊಡೆತ ಕಡಿಮೆಯಿರಬೇಕು ಎಂದು ಪೇಟೆಯ ಓದಿದ ಜನ ತಿಳಿದಿದ್ದಾರೆ. ಗಂಟು ಇವಳ ಸೆರಗಿನಲ್ಲಿದ್ದರೂ ಅದನ್ನು ಬಿಚ್ಚುವ ಕೈ ಬೇರೆಯದು ಎಂಬುದು ಅವರಿಗೆ ಗೊತ್ತಿಲ್ಲ.

ಇಂಥ ಜಾಗದಲ್ಲಿ ಅಪರಾಧ ಎಂದರೆ ಪೊಲೀಸರ ಕಣ್ಣಿಗೆ ಮೊದಲು ಬೀಳುವುದು ಯಾವುದು? ಡೀಸೆಲ್ ಕಳವು, ಎಂಜಿನ್ ಕಳವು, ಕುಡಿದು ಹೊಡೆದಾಟ, ಮಾಜಾಳಿಯ ಗಡಿ ದಾಟಿ ಬರುವ ಗೋವಾ ಸಾರಾಯಿ. ಸಾರಾಯಿಯ ಮಾತು ಬಂದಾಗ ನೆನಪಾಗುತ್ತದೆ: 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕಾಗಿ ಹಳ್ಳಿ ಹಳ್ಳಿಯಲ್ಲಿ ಬೀದಿಗಿಳಿದವರು ಹೆಂಗಸರು. ಆದರೆ ಗಡಿಯಲ್ಲಿರುವ ನಮಗೆ ಬಾಟಲಿ ಬರುವ ದಾರಿ ಬದಲಾಯಿತೇ ಹೊರತು ಬಾಟಲಿ ನಿಲ್ಲಲಿಲ್ಲ. ಚೆಕ್‌ಪೋಸ್ಟಿನಲ್ಲಿ ಸಿಕ್ಕ ಬಾಟಲಿಗಳನ್ನು ಸಾಲಾಗಿ ಇಟ್ಟು ಫೋಟೋ ತೆಗೆಯುತ್ತಾರೆ, ಪೇಪರಿನಲ್ಲಿ ಬರುತ್ತದೆ. ಸಿಗದೆ ಮನೆ ತಲುಪಿದ ಬಾಟಲಿ ಏನು ಮಾಡಿತು ಎಂಬುದು ಯಾವ ಪೇಪರಿನಲ್ಲೂ ಬರುವುದಿಲ್ಲ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ನಮ್ಮ ರಾಜ್ಯದಲ್ಲಿ 2019-20ರಲ್ಲಿ ನಡೆಯಿತು. ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದಕ್ಕೂ ಹಿಂದಿನ ಸುತ್ತಿನಲ್ಲಿ ಈ ಅಂಕಿ ಶೇಕಡಾ 20ರ ಆಸುಪಾಸಿನಲ್ಲಿತ್ತು. ಐದನೇ ಸುತ್ತಿನಲ್ಲಿ ಇಡೀ ದೇಶದಲ್ಲಿ ಅತಿ ಹೆಚ್ಚಿನ ಅಂಕಿ ಬಂದದ್ದು ಕರ್ನಾಟಕದಲ್ಲಿ. ನಾಲ್ಕೈದು ವರ್ಷದಲ್ಲಿ ಹಿಂಸೆಯೇ ಇಮ್ಮಡಿಯಾಯಿತೋ, ಹೇಳುವ ಧೈರ್ಯ ಇಮ್ಮಡಿಯಾಯಿತೋ, ಎರಡೂ ಇರಬಹುದು. ಏನೇ ಇರಲಿ, ನೂರು ಮನೆಯ ಕೇರಿಯಲ್ಲಿ ನಲವತ್ತು ಮನೆಗಳ ಬ್ಯಾಟರಿ ಕಳುವಾಗಿದ್ದರೆ ಜಿಲ್ಲಾಧಿಕಾರಿಗಳೇ ಬಂದು ಕೂರುತ್ತಿದ್ದರು.

ಪೊಲೀಸರೊಡನೆ ಬೈತಖೋಲದ ಹೆಂಗಸರ ಪರಿಚಯ ಹೇಗೆ ಆಯಿತು ಎಂಬುದನ್ನೂ ಮರೆಯಬಾರದು. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ವಾಣಿಜ್ಯ ಬಂದರಿನ ಎರಡನೇ ಹಂತದ ಕೆಲಸ ಶುರುವಾದಾಗ ಮೀನುಗಾರರು ತಡೆದರು. ಟಾಗೋರ್ ಕಡಲತೀರ ಉಳಿಯಬೇಕೆಂದು ಹೆಂಗಸರೂ ಮುಂದೆ ನಿಂತರು. ಅಂದು ಅವರೆದುರು ನಿಂತದ್ದು ಪೊಲೀಸ್ ಬಂದೋಬಸ್ತು. ಕೊನೆಗೆ ಹೈಕೋರ್ಟಿನಿಂದ ತಡೆ ಬಂತು. ಅದಕ್ಕೂ ಮೊದಲು, 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಗೆ ಕಾರವಾರ ಅಂಕೋಲಾ ತಾಲೂಕುಗಳ ಕಡಲಂಚಿನ ಊರುಗಳು ಎದ್ದವು. ತೋಡೂರು, ಹಾರವಾಡ ಮುಂತಾದ ಕಡೆ ಪುನರ್ವಸತಿ ಕಾಲನಿಗಳಾದವು. ಊರು ಎಬ್ಬಿಸುವಾಗ ಕಂಡ ಖಾಕಿಯೇ ಅನೇಕರಿಗೆ ಮೊದಲ ಖಾಕಿ. ಪರಿಹಾರದ ಹಣ ಬಂದ ಮನೆಯ ಹೆಣ್ಣು ಎಂದು ಹುಡುಕಿಕೊಂಡು ಬಂದ ವರಗಳೂ ಇದ್ದರು, ಅದು ಇನ್ನೊಂದು ಕಥೆ. ಇಂಥ ಹೆಂಗಸರಿಗೆ 'ಪೊಲೀಸರು ನಿಮ್ಮ ಸ್ನೇಹಿತರು' ಎಂದು ಬೋರ್ಡು ಬರೆಸಿದರೆ ಸಾಲದು. ಸ್ನೇಹವನ್ನು ಕೆಲಸದಲ್ಲಿ ತೋರಿಸಬೇಕಾದವರು ಅವರು. ಕಾವಲಿನ ಮಾತಂತೂ ಕೇಳಬೇಡಿ. 2010ರಲ್ಲಿ ಅಂಕೋಲಾದ ಬೇಲೇಕೇರಿ ಬಂದರಿನಿಂದ ಜಪ್ತಿ ಮಾಡಿ ಇಟ್ಟಿದ್ದ ಲಕ್ಷಾಂತರ ಟನ್ ಅದಿರೇ ಮಾಯವಾದ ಜಿಲ್ಲೆ ನಮ್ಮದು.

ಈಗ ಮುಚ್ಚಳಿಕೆಯ ವಿಷಯಕ್ಕೆ ಬರುತ್ತೇನೆ. ಇದೇ ನನ್ನ ಲೇಖನದ ಮುಖ್ಯ ಮಾತು.

ನಾನು ಓಡಾಡುವ ಸಂಘಗಳ ಪೈಕಿ ಒಂದರ ಸದಸ್ಯೆಯೊಬ್ಬಳು ಅಕ್ಕಿ ಡಬ್ಬಿಯೊಳಗೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಟ್ಟ ಮೂರು ಕಾಗದ ತೋರಿಸಿದಳು. ಮೂರೂ ಗಂಡ ಬರೆದುಕೊಟ್ಟ ಮುಚ್ಚಳಿಕೆ. 'ಇನ್ನು ಮುಂದೆ ಕುಡಿದು ಬಂದು ಹೊಡೆಯುವುದಿಲ್ಲ, ತವರಿನಿಂದ ಹಣ ತರಲು ಪೀಡಿಸುವುದಿಲ್ಲ, ಅನ್ಯೋನ್ಯವಾಗಿ ಬಾಳುತ್ತೇನೆ.' ಮೂರರಲ್ಲೂ ಅದೇ ವಾಕ್ಯ, ತಾರೀಖು ಮಾತ್ರ ಬೇರೆ. ಕೆಳಗೆ ಸಾಕ್ಷಿಗಳ ಸಹಿ: ಊರಿನ ಹಿರಿಯರೊಬ್ಬರು, ಜನಪ್ರತಿನಿಧಿಯೊಬ್ಬರು, ಬೀಟಿನ ಸಮಿತಿಯಲ್ಲಿ ಇದ್ದವರೊಬ್ಬರು. ಯಾವ ಕಾಗದದ ಮೇಲೂ ಒಂದು ನಂಬರಿಲ್ಲ, ಠಾಣೆಯ ಮೊಹರಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಅವಳ ಎಡಗಿವಿ ಕೇಳಿಸದಂತಾಗಿದೆ. ಕೋರ್ಟಿಗೆ ಹೋದರೆ ಈ ಮೂರು ಕಾಗದಕ್ಕೆ ಏನು ಬೆಲೆ ಎಂದು ಅವಳು ನನ್ನನ್ನು ಕೇಳಿದಳು. ಗಂಡನೇ ಒಪ್ಪಿಕೊಂಡು ಬರೆದದ್ದಾದ್ದರಿಂದ ಅವು ಸಾಕ್ಷ್ಯವಾಗಬಹುದು, ಜೋಪಾನವಾಗಿಡು ಎಂದೆ. ಆದರೆ ಅವಳನ್ನು ರಕ್ಷಿಸಲು ಅವು ಏನೂ ಮಾಡಲಿಲ್ಲ. ಮೊದಲ ಹೊಡೆತಕ್ಕೇ ದೂರು ದಾಖಲಾಗಿದ್ದರೆ ಎರಡನೆಯ ಸಲ ಅವನು ಕಾನೂನಿನ ಮುಂದೆ ಹಳೆಯ ಆರೋಪಿಯಾಗಿ ನಿಲ್ಲುತ್ತಿದ್ದ. ಮುಚ್ಚಳಿಕೆ ಬರೆದವನು ಪ್ರತಿ ಸಲವೂ ಹೊಸಬ.

ಆ ಕಾಗದದ ಕೆಳಗೆ ಪೊಲೀಸ್, ಜನಪ್ರತಿನಿಧಿ, ನಾಗರಿಕ ಸಮಿತಿ ಮೂವರೂ ಎಷ್ಟು ಚೆನ್ನಾಗಿ ಒಂದಾಗಿದ್ದಾರೆ ನೋಡಿ. ಸಹಭಾಗಿತ್ವ ನಮ್ಮಲ್ಲಿ ಇಲ್ಲವೆಂದಲ್ಲ, ಬಹಳ ಹಿಂದಿನಿಂದ ಇದೆ. ಹೆಂಗಸನ್ನು ಮನೆಗೆ ವಾಪಸು ಕಳಿಸುವ ಸಹಭಾಗಿತ್ವ ಅದು. ಹೊಸ ಸಮಿತಿಗಳು ಹಳೆಯ ಪಂಚಾಯ್ತಿಕೆಯ ಕಟ್ಟೆಗೆ ಖಾಕಿ ಬಣ್ಣ ಬಳಿದಂತೆ ಆಗಬಾರದು ಎಂಬುದೇ ನನ್ನ ಆತಂಕ.

ಸಮಿತಿಗಳ ಬಗ್ಗೆ ನ್ಯಾಯಾಲಯಗಳಲ್ಲೂ ಗೊಂದಲ ನಡೆದಿದೆ. 2017ರಲ್ಲಿ ಸುಪ್ರೀಂ ಕೋರ್ಟು, ವರದಕ್ಷಿಣೆ ಕಿರುಕುಳದ ದೂರುಗಳು ಮೊದಲು ಜಿಲ್ಲಾ ಮಟ್ಟದ ಕುಟುಂಬ ಕಲ್ಯಾಣ ಸಮಿತಿಗೆ ಹೋಗಲಿ, ಅದರ ವರದಿ ಬರುವವರೆಗೆ ಸಾಮಾನ್ಯವಾಗಿ ಬಂಧನ ಬೇಡ ಎಂದಿತು. ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. 2018ರಲ್ಲಿ ಅದೇ ಕೋರ್ಟಿನ ದೊಡ್ಡ ಪೀಠ, ಕಾನೂನಿನಲ್ಲಿ ಇಲ್ಲದ ಸಮಿತಿಗೆ ಅಂಥ ಅಧಿಕಾರ ಕೊಡಲಾಗದು ಎಂದು ಅದನ್ನು ತೆಗೆದುಹಾಕಿತು. ಆದರೆ 2025ರ ಜುಲೈನಲ್ಲಿ, ಎರಡು ತಿಂಗಳ ಕಾಯುವಿಕೆ ಮತ್ತು ಕುಟುಂಬ ಕಲ್ಯಾಣ ಸಮಿತಿಯನ್ನು ಹೇಳುವ ಅಲಹಾಬಾದ್ ಹೈಕೋರ್ಟಿನ 2022ರ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು ಒಪ್ಪಿಗೆಯ ಮುದ್ರೆ ಒತ್ತಿತು. ಅಂದರೆ ಬಾಗಿಲಿನಿಂದ ಹೊರಗೆ ಹೋದದ್ದು ಕಿಟಕಿಯಿಂದ ಒಳಗೆ ಬಂದಿದೆ. ಸುಳ್ಳು ದೂರುಗಳಿವೆ ಎಂಬ ವಾದವನ್ನು ನಾನು ಬಲ್ಲೆ. ಸುಳ್ಳು ಕಳ್ಳತನದ ದೂರೂ ಇರುತ್ತದೆ. ಆದರೆ ಸೈಕಲ್ ಕಳಕೊಂಡವನಿಗೆ ಎರಡು ತಿಂಗಳು ಕಳ್ಳನ ಜೊತೆ ಹೊಂದಿಕೊಂಡು ಹೋಗಿ ನೋಡು ಎಂದು ಯಾರೂ ಹೇಳುವುದಿಲ್ಲ.

ಪಕ್ಕದ ಕೇರಳದಲ್ಲಿ 1990ರ ದಶಕದ ಕೊನೆಯಿಂದ ಜಾಗ್ರತಾ ಸಮಿತಿ ಎಂಬ ಏರ್ಪಾಡಿದೆ. ಅಲ್ಲಿನ ಮಹಿಳಾ ಆಯೋಗ ಮುಂದೆ ನಿಂತು ರೂಪಿಸಿದ್ದು, ಸ್ಥಳೀಯ ಸಂಸ್ಥೆಗಳ ಮೂಲಕ ನಡೆಯುವುದು. 2008ರಲ್ಲಿ ಅದೇ ರಾಜ್ಯದ ಪೊಲೀಸರು ಜನಮೈತ್ರಿ ಎಂಬ ಹೆಸರಿನಲ್ಲಿ ಮನೆ ಮನೆ ಭೇಟಿ ಆರಂಭಿಸಿದರು. ಅಲ್ಲಿಯ ಸಮಿತಿಗಳೆಲ್ಲ ಚೆನ್ನಾಗಿ ನಡೆದವೆಂದು ನಾನು ಹೇಳುವುದಿಲ್ಲ, ಅನೇಕ ಕಡೆ ಹೆಸರಿಗಷ್ಟೇ ಉಳಿದವು. ಆದರೆ ಒಂದು ಸಂಗತಿ ಗಮನಿಸಬೇಕು: ಹೆಂಗಸಿನ ಮೇಲಿನ ಹಿಂಸೆ ವಾರ್ಡಿನ ಸದಸ್ಯರ ಕೆಲಸದ ಪಟ್ಟಿಗೆ ಸೇರಿತು, ಚರಂಡಿ ನೀರಿನ ಹಾಗೆ. ನಮ್ಮಲ್ಲಿ ವಾರ್ಡಿನ ಸದಸ್ಯೆ ಹೆಂಗಸಾಗಿದ್ದರೂ ಅದು ಅವಳ ಕೆಲಸದ ಪಟ್ಟಿಯಲ್ಲಿಲ್ಲ. 1993ರಲ್ಲಿ ಜಾರಿಯಾದ ಸಂವಿಧಾನ ತಿದ್ದುಪಡಿಯಿಂದ ಪುರಸಭೆ ನಗರಸಭೆಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರು ಕುಳಿತಿದ್ದಾರೆ. ನಲ್ಲಿ, ದೀಪ, ಕಸದ ಗಾಡಿಗೆ ಅವರನ್ನು ಕೇಳುತ್ತೇವೆ. 'ಬಾಯೀ, ನಿನ್ನ ವಾರ್ಡಿನಲ್ಲಿ ಈ ವರ್ಷ ಎಷ್ಟು ಹೆಂಗಸರು ಆಸ್ಪತ್ರೆ ಸೇರಿದರು' ಎಂದು ಕೇಳಿದವರು ಯಾರು?

ಇಂಗ್ಲೆಂಡಿನಲ್ಲಿ 1998ರ ಒಂದು ಕಾಯಿದೆಯ ಪ್ರಕಾರ ಊರಿನ ಕೌನ್ಸಿಲ್ ಮತ್ತು ಪೊಲೀಸರು ಜೊತೆಯಾಗಿ ಅಪರಾಧದ ಲೆಕ್ಕ ತೆಗೆದು ತಡೆಯುವ ಯೋಜನೆ ಮಾಡಲೇಬೇಕು. ಅದರ ಬೆನ್ನಲ್ಲೇ ಎರಡು ಒಳ್ಳೆಯ ಪದ್ಧತಿಗಳು ಬಂದವು. 2003ರಲ್ಲಿ ವೇಲ್ಸಿನ ಕಾರ್ಡಿಫ್ ನಗರದಲ್ಲಿ, ಗಂಡನ ಕೈಯಲ್ಲಿ ಜೀವ ಹೋಗುವ ಅಪಾಯ ಹೆಚ್ಚಾಗಿರುವ ಹೆಂಗಸರ ಬಗ್ಗೆ ಮಾತ್ರ ಮಾತಾಡಲು ಪೊಲೀಸರು, ಕೌನ್ಸಿಲಿನ ವಸತಿ ವಿಭಾಗದವರು, ಆಸ್ಪತ್ರೆಯವರು, ಮಹಿಳಾ ಸಂಘಟನೆಯವರು ಒಂದೇ ಮೇಜಿಗೆ ಕೂರತೊಡಗಿದರು. ಅಲ್ಲಿ ರಾಜಿ ಮಾಡಿಸುವುದಿಲ್ಲ, ಗಂಡನನ್ನು ಕರೆಯುವುದೂ ಇಲ್ಲ. ಅವಳು ನಾಳೆ ಬದುಕಿರಲು ಯಾರು ಏನು ಮಾಡಬೇಕು ಎಂಬುದಷ್ಟೇ ಪ್ರಶ್ನೆ. ಎರಡನೆಯದು 2011ರಿಂದ: ಮನೆಯವರ ಹಿಂಸೆಯಿಂದ ಯಾರಾದರೂ ಸತ್ತರೆ ಕೌನ್ಸಿಲ್, ಪೊಲೀಸ್, ಆರೋಗ್ಯ ಇಲಾಖೆ ಸೇರಿ ಆ ಸಾವನ್ನು ಹಿಂದಿನಿಂದ ಓದಬೇಕು. ಆಕೆ ಯಾರ ಬಾಗಿಲಿಗೆ ಹೋಗಿದ್ದಳು, ಯಾರು ಏನೆಂದು ಕಳಿಸಿದರು, ಎಲ್ಲಿ ತಪ್ಪಿತು.

ನಮ್ಮಲ್ಲಿ ಸಾವನ್ನು ಹೇಗೆ ಓದುತ್ತಾರೆಂದು ನಿಮಗೆ ಗೊತ್ತಿದೆ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ದಿನವೂ ಹೋಗಿ ಕೂತು, ಸ್ಟೋವ್ ಸಿಡಿದು ಸತ್ತಳೆಂದು ಬರೆದ ಕಡತಗಳ ಹಿಂದೆ ಏನಿದೆ ಎಂದು ಕೇಳತೊಡಗಿದರು. ಸೊಸೆಯ ಕೈಯಲ್ಲಿ ಮಾತ್ರ ಯಾಕೆ ಸಿಡಿಯುತ್ತದೆ ಈ ಸ್ಟೋವು, ಅತ್ತೆಯ ಕೈಯಲ್ಲಿ ಯಾಕಿಲ್ಲ? ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತರೆ ಮರಣೋತ್ತರ ಪರೀಕ್ಷೆ ಆಗಬೇಕು, ಪೊಲೀಸರಲ್ಲದೆ ತಹಸೀಲ್ದಾರ್ ದರ್ಜೆಯ ದಂಡಾಧಿಕಾರಿಯೇ ಶವ ಪಂಚನಾಮೆ ಮಾಡಬೇಕು ಎಂಬ ಕಾನೂನು ಇದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದು ಉಳಿದಿದೆ. ಆದರೆ ಕಡಲೂರಿನಲ್ಲಿ ಸ್ಟೋವು ಬೇಕಿಲ್ಲ, ಬಾವಿಯಿದೆ, ಸಮುದ್ರವಿದೆ. ಕಾಲು ಜಾರಿ ಬಿದ್ದಳು ಎಂಬ ಮೂರು ಶಬ್ದ ಸಾಕು. ಬಾವಿಯಲ್ಲೋ ಕಡಲಲ್ಲೋ ಸಿಕ್ಕ ಪ್ರತಿಯೊಬ್ಬ ಹೆಂಗಸಿನ ಹಿಂದಿನ ಒಂದು ವರ್ಷವನ್ನು ಬೀಟಿನ ಪೊಲೀಸ್, ವಾರ್ಡಿನ ಸದಸ್ಯ, ಅಂಗನವಾಡಿ ಕಾರ್ಯಕರ್ತೆ ಮತ್ತು ಸಂಘದವರು ಕೂತು ಓದಲಿ. ಯಾರನ್ನೋ ಜೈಲಿಗೆ ಹಾಕಲು ಅಲ್ಲ, ಅದಕ್ಕೆ ಕೋರ್ಟು ಇದೆ. ಮುಂದಿನವಳು ಯಾವ ಬಾಗಿಲಲ್ಲಿ ನಿಂತಿದ್ದಾಳೆಂದು ತಿಳಿಯಲು.

ಸಂಘದ ಹೆಂಗಸರಾದ ನಮಗೆ ಇದರಲ್ಲಿ ದೊಡ್ಡ ಪಾಲಿದೆ. ಪೊಲೀಸರ ಪುಸ್ತಕಕ್ಕಿಂತ ಮೊದಲೇ ನಮ್ಮ ಪುಸ್ತಕಕ್ಕೆ ಸುದ್ದಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬೋಟು ಜೆಟ್ಟಿಯಲ್ಲಿ, ಗಂಡಸು ಮನೆಯಲ್ಲಿ, ಕೈಯಲ್ಲಿ ಕಾಸಿಲ್ಲ, ಹೊರಗೆ ಮಳೆ. ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗುತ್ತಾಳೆ, ಬರುವಾಗ 'ಏನು ತಂದೆ' ಎಂಬ ಪ್ರಶ್ನೆ ಕಾದಿರುತ್ತದೆ. ಹೊಸ ಬಲೆಗೆ, ಎಂಜಿನ್ ರಿಪೇರಿಗೆ, ಬೋಟಿನ ಸಾಲದ ಕಂತಿಗೆ ಮಾವನ ಮನೆಯ ಕಡೆ ಕೈ ಚಾಚುವುದು ಈ ತಿಂಗಳುಗಳಲ್ಲೇ. ನಮ್ಮ ಹಿರಿಯರ ಕಾಲದಲ್ಲಿ ಅನೇಕ ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ತೆರ ಕೊಡುತ್ತಿದ್ದರು. ಈಗ ತೆರ ಮರೆತಿದೆ, ವರದಕ್ಷಿಣೆ ಎಂಬ ಶಬ್ದವನ್ನೂ ಯಾರೂ ಬಾಯಲ್ಲಿ ಹೇಳುವುದಿಲ್ಲ. 'ಮಗಳಿಗೇ ತಾನೆ ಕೊಡುವುದು, ಬೋಟು ಅವಳದೂ ಹೌದಲ್ಲ' ಎನ್ನುತ್ತಾರೆ. ಬೋಟಿನ ಕಾಗದದಲ್ಲಿ ಅವಳ ಹೆಸರು ಇದೆಯೇ ಎಂದು ಕೇಳಿ ನೋಡಿ.

ಈ ಎರಡು ತಿಂಗಳಲ್ಲಿ ಯಾವ ಸದಸ್ಯೆ ಕಂತು ತಪ್ಪಿಸಿದಳು, ಯಾರು ಎರಡು ಸಭೆಗೆ ಬರಲಿಲ್ಲ, ಯಾರು ಸೆರಗು ಹೊದ್ದು ಕೈ ಮುಚ್ಚಿಕೊಂಡು ಸಹಿ ಮಾಡಿ ಹೋದಳು, ಯಾರು ಮೊದಲ ಸಾಲ ತೀರುವ ಮೊದಲೇ 'ಮದುವೆ ಖರ್ಚು' ಎಂದು ಇನ್ನೊಂದು ಅರ್ಜಿ ಹಾಕಿದಳು, ಇದೆಲ್ಲ ನಮಗೆ ಗೊತ್ತಾಗುತ್ತದೆ. ಬ್ಯಾಂಕಿನವರಿಗೆ ಇದು ಬಾಕಿಯ ಲೆಕ್ಕ. ನಮಗೆ ಇದು ಎಚ್ಚರಿಕೆಯ ಗಂಟೆ. ಕಂತು ತಪ್ಪಿಸಿದವಳ ಮನೆಗೆ ವಸೂಲಿಗೆ ಹೋಗುವ ಮೊದಲು ಒಬ್ಬಳು ಸುಮ್ಮನೆ ಹೋಗಿ ಕೂತು ಬರಬೇಕು. ಅವಳ ಗುಟ್ಟನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಡಿ, ಆ ಪುಸ್ತಕ ಬಹಳ ಕೈಗಳಿಗೆ ಹೋಗುತ್ತದೆ.

ಹಾಗಾದರೆ ಬೀಟಿನ ಸಮಿತಿಯಿಂದ ನಾವು ಕೇಳಬೇಕಾದದ್ದೇನು? ಮೊದಲು ಜಾಗ. ಸಮಿತಿ ಎಂದರೆ ಬೋಟಿನ ಮಾಲೀಕರು, ಗುತ್ತಿಗೆದಾರರು, ಮಾಜಿ ಮೆಂಬರುಗಳು, ದೇವಸ್ಥಾನದ ಮೊಕ್ತೇಸರರು ಎಂದಾಗಬಾರದು. ಮೀನು ಮಾರುವವಳು, ಮೀನು ಒಣಗಿಸುವವಳು, ಆಶಾ ಕಾರ್ಯಕರ್ತೆ, ಸಂಘದ ಪ್ರತಿನಿಧಿ ಅಲ್ಲಿರಬೇಕು, ಚಹಾ ಕೊಡುವುದಕ್ಕಲ್ಲ. ಹೆಂಡತಿಯ ಮೇಲೆ ಕೈ ಮಾಡಿದ ದೂರು ಇರುವವನು ಸಮಿತಿಯಲ್ಲಿರಬಾರದು. ಇದನ್ನು ಹೇಳಿದರೆ ಎಷ್ಟು ಕಡೆ ಸಮಿತಿಯೇ ಬರಿದಾದೀತೋ ಎಂದು ಒಬ್ಬ ಅಕ್ಕ ನಕ್ಕಳು. ಬರಿದಾಗಲಿ. ಎರಡನೆಯದು, ಮನೆ ಭೇಟಿಗೆ ಬರುವ ತಂಡದಲ್ಲಿ ಮಹಿಳಾ ಪೊಲೀಸ್ ಇರಲಿ, ಮನೆಯ ಹೆಂಗಸಿನ ಜೊತೆ ಅವಳೊಬ್ಬಳೇ ಮಾತಾಡಲಿ. ಗಂಡ, ಅತ್ತೆ, ಮೈದುನ ಎದುರಿಗೆ ನಿಂತಿರುವಾಗ 'ಮನೆಯಲ್ಲಿ ಏನಾದರೂ ತೊಂದರೆಯಿದೆಯೇನಮ್ಮ' ಎಂದು ಕೇಳಿದರೆ ಉತ್ತರ ಏನೆಂದು ಕೇಳುವವರಿಗೂ ಗೊತ್ತು. ಮೀನಿನ ಹರಾಜು ಮುಗಿದ ಮೇಲೆ ಜೆಟ್ಟಿಯ ಬದಿ ಹೆಂಗಸರೇ ಇರುವ ಹೊತ್ತು ಒಂದಿದೆ, ಆ ಹೊತ್ತಿಗೆ ಬಂದರೆ ನಾಲ್ಕು ಮಾತು ಹೊರಗೆ ಬಂದೀತು.

ಎಲ್ಲಕ್ಕಿಂತ ಮುಖ್ಯ, ಸಮಿತಿ ರಾಜಿ ಮಾಡಿಸುವಂತಿಲ್ಲ. ಗಂಡ ಹೆಂಡಿರಿಗೆ ಬುದ್ಧಿ ಹೇಳುವ ಕೆಲಸ ಬೀಟ್ ಸಮಿತಿಯದಲ್ಲ, ಮೆಂಬರರದಲ್ಲ, ಪೊಲೀಸರದೂ ಅಲ್ಲ. ಅವಳಿಗೆ ಸಮಾಲೋಚನೆ ಬೇಕಾದರೆ 2000-01ರಿಂದ ರಾಜ್ಯದಲ್ಲಿ ಸಾಂತ್ವನ ಕೇಂದ್ರಗಳಿವೆ, ಸಖಿ ಕೇಂದ್ರವಿದೆ. ಸಮಿತಿಯ ಕೆಲಸ ಅವಳನ್ನು ಅಲ್ಲಿಗೆ ಮುಟ್ಟಿಸುವುದು, ಠಾಣೆಯಲ್ಲಿ ದೂರು ದಾಖಲಾಯಿತೇ ಎಂದು ನೋಡುವುದು, ಹಿಂಬರಹ ಕೊಡಿಸುವುದು.

'ದೂರು ಕೊಟ್ಟರೆ ಗಂಡ ಜೈಲಿಗೆ, ಬೋಟಿಗೆ ಹೋಗುವವರು ಯಾರು, ಮಕ್ಕಳಿಗೆ ಗಂಜಿ ಎಲ್ಲಿಂದ' ಎಂದು ಕೇಳುವ ಹೆಂಗಸರಿಗೆ ನಾವು ಕೋಪಿಸಿಕೊಳ್ಳಬಾರದು. ಅದು ಹೇಡಿತನದ ಮಾತಲ್ಲ, ಅಡುಗೆಮನೆಯ ಲೆಕ್ಕ. ಅವರಿಗೆ ಹೇಳಬೇಕಾದದ್ದು ಇದು: ಕಾನೂನಿನಲ್ಲಿ ಎರಡು ದಾರಿಗಳಿವೆ. ಒಂದು ಶಿಕ್ಷೆಯ ದಾರಿ. 1983ರಲ್ಲಿ ಬಂದ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ ಆಗಿದೆ. ವರದಕ್ಷಿಣೆ ಸಾವಿನ 304ಬಿ ಈಗ 80ನೇ ಕಲಂ. 2024ರ ಜುಲೈ 1ರಿಂದ ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ. ಹಳೆಯ ನಂಬರು ಹೇಳಿದಿರೆಂದು ಯಾರಾದರೂ ವಾಪಸು ಕಳಿಸಿದರೆ ನಂಬಬೇಡಿ, ಕಲಂ ಹಾಕುವುದು ಪೊಲೀಸರ ಕೆಲಸ, ನಡೆದದ್ದನ್ನು ಹೇಳುವುದು ನಮ್ಮ ಕೆಲಸ. ಇನ್ನೊಂದು ರಕ್ಷಣೆಯ ದಾರಿ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ಹೋದರೆ ಗಂಡ ನೇರ ಜೈಲಿಗೆ ಹೋಗುವುದಿಲ್ಲ. ಹೊಡೆಯಬಾರದು, ಮನೆಯಿಂದ ಹೊರಹಾಕಬಾರದು, ಖರ್ಚಿಗೆ ಕೊಡಬೇಕು ಎಂದು ಮ್ಯಾಜಿಸ್ಟ್ರೇಟರು ಆದೇಶ ಕೊಡುತ್ತಾರೆ. ಆ ರಕ್ಷಣಾ ಆದೇಶ ಮುರಿದರೆ ಆಗ ಒಂದು ವರ್ಷದವರೆಗೆ ಸಜೆ ಇಲ್ಲವೆ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮನೆ ಯಾರ ಹೆಸರಿನಲ್ಲೇ ಇರಲಿ, ಅವಳು ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ನಮ್ಮ ರಾಜ್ಯದಲ್ಲಿ ಇದರ ರಕ್ಷಣಾಧಿಕಾರಿ ಬೇರೆ ಯಾರೂ ಅಲ್ಲ, ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಓ. ಹಿಂಸೆ ನಡೆಯುತ್ತಿದೆ ಎಂದು ತಿಳಿದ ಯಾರು ಬೇಕಾದರೂ, ನೆರೆಮನೆಯವಳೂ, ಅವರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವಳ ಮೇಲೆ ಕೇಸು ಹಾಕಲು ಬರುವುದಿಲ್ಲವೆಂದು ಕಾಯಿದೆಯೇ ಹೇಳುತ್ತದೆ. ವಕೀಲರ ಖರ್ಚಿಗೆ ಹೆದರಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಇನ್ನೊಂದು ಮಾತನ್ನು ನಾನು ಸಂಕೋಚವಿಲ್ಲದೆ ಹೇಳಬೇಕು. ಬೀದಿಯ ಸುರಕ್ಷತೆಯ ಸಭೆ ಎಲ್ಲಿ ನಡೆದರೂ ಹತ್ತನೇ ನಿಮಿಷಕ್ಕೆ 'ಹೊರಗಿನವರು' ಎಂಬ ಶಬ್ದ ಬರುತ್ತದೆ. ಬೋಟುಗಳಲ್ಲಿ ದುಡಿಯಲು ಒಡಿಶಾ, ಜಾರ್ಖಂಡ್, ಆಂಧ್ರದಿಂದ ಹುಡುಗರು ಬಂದಿದ್ದಾರೆ. ಅವರ ಆಧಾರ್ ಕಾರ್ಡು ತೆಗೆದುಕೊಳ್ಳಿ, ಪಟ್ಟಿ ಮಾಡಿ ಎನ್ನುತ್ತಾರೆ. ಕರಾವಳಿ ಕಾವಲಿಗೆ ಪಟ್ಟಿ ಬೇಕಿದ್ದರೆ ಮಾಡಲಿ. ಆದರೆ ಹೆಂಗಸರ ಸುರಕ್ಷತೆಯ ಹೆಸರಿನಲ್ಲಿ ಬೇಡ. ನಮ್ಮ ಸಂಘಗಳಲ್ಲಿ ಹೊಡೆತ ತಿಂದು ಬಂದವರಲ್ಲಿ ಜಾರ್ಖಂಡಿನ ಹುಡುಗ ಹೊಡೆದನೆಂದು ಬಂದವಳು ಒಬ್ಬಳೂ ನನಗೆ ಸಿಕ್ಕಿಲ್ಲ. ಹೊಡೆದವನು ಅವಳ ಗಂಡ, ಕತ್ತಿಗೆ ತಾಳಿ ಕಟ್ಟಿದವನು, ಪಟ್ಟಿಯಲ್ಲಿ 'ಒಳಗಿನವನು'. ಕ್ಯಾಮೆರಾಗಳೂ ಬೀದಿಗೆ ಮುಖ ಮಾಡಿವೆ. ದೀಪ ಬೇಕು, ಬೆಳಗಿನ ಜಾವ ನಾಲ್ಕಕ್ಕೆ ಬುಟ್ಟಿ ಹಿಡಿದು ಜೆಟ್ಟಿಗೆ ಹೋಗುವವಳಿಗೆ ಬೇಕೇ ಬೇಕು. ಶೌಚಾಲಯಕ್ಕೆ ಚಿಲಕ ಬೇಕು. ಇವು ನಗರಸಭೆಯ ಕೆಲಸ, ಮಾಡಿಸಿಕೊಳ್ಳೋಣ. ಅಷ್ಟು ಮಾಡಿ ಕೈ ತೊಳೆದುಕೊಳ್ಳಲು ಮಾತ್ರ ಬಿಡಬಾರದು.

ಪೊಲೀಸರ ಜೊತೆ ಒಂದೇ ಮೇಜಿಗೆ ಕೂರಲು ಹೊಸ ಆದೇಶ ಬರಲಿ ಎಂದು ಕಾಯಬೇಕಾಗಿಲ್ಲ ಎಂಬುದನ್ನು ಮೀನು ಮಾರುವ ಗೆಳತಿಯರು ತಿಳಿದಿರಲಿ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದಕ್ಕೆ ನಗರಸಭೆಯ ಪೌರಾಯುಕ್ತರೇ ಅಧ್ಯಕ್ಷರು, ಪೊಲೀಸರು ಸದಸ್ಯರು, ಕನಿಷ್ಠ ಶೇಕಡಾ 40 ಮಂದಿ ವ್ಯಾಪಾರಿಗಳ ಪ್ರತಿನಿಧಿಗಳು, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರು. ತಕ್ಕಡಿ ಇಡುವ ಜಾಗಕ್ಕಾಗಿ ಮಾಡಿದ ಸಮಿತಿ ನಿಜ. ಆದರೆ ಅಲ್ಲಿ ಕೂತ ಮೀನುಗಾರ್ತಿ ಪೊಲೀಸ್ ಅಧಿಕಾರಿಯನ್ನು ಹೆಸರಿಡಿದು ಮಾತಾಡಿಸಲು ಕಲಿಯುತ್ತಾಳೆ, ಕಾಗದ ಕೊಟ್ಟು ಸಹಿ ತೆಗೆದುಕೊಳ್ಳಲು ಕಲಿಯುತ್ತಾಳೆ. ಠಾಣೆಗೆ ಹೋಗುವ ದಿನ ಅವಳ ಕಾಲು ನಡುಗುವುದಿಲ್ಲ.

ಕೆಲಸ ಮೇ ತಿಂಗಳಲ್ಲೇ ಆಗಬೇಕು, ಬೋಟುಗಳು ದಡ ಸೇರುವ ಮೊದಲು. ವಾರ್ಡಿನ ಸಂಘಗಳೆಲ್ಲ ಸೇರಿ ಒಂದು ಅರ್ಜಿ ಬರೆಯಿರಿ. ನಗರಸಭೆಗೆ ಸದಸ್ಯರಿದ್ದರೆ ಸದಸ್ಯರಿಗೆ, ಅವಧಿ ಮುಗಿದು ಆಡಳಿತಾಧಿಕಾರಿ ಕುಳಿತಿದ್ದರೆ ಪೌರಾಯುಕ್ತರಿಗೆ, ಒಂದು ಪ್ರತಿ ಠಾಣೆಗೆ, ಒಂದು ಸಿಡಿಪಿಓಗೆ. ಅದರಲ್ಲಿ ಬರೆಯಬೇಕಾದದ್ದು ಇಷ್ಟೇ: ನಮ್ಮ ಬೀಟಿನ ಸಮಿತಿಯ ಸದಸ್ಯರು ಯಾರು, ಅವರಲ್ಲಿ ಹೆಂಗಸರೆಷ್ಟು, ಕಳೆದ ಒಂದು ವರ್ಷದಲ್ಲಿ ಈ ಬೀಟಿನಿಂದ ಕೌಟುಂಬಿಕ ದೌರ್ಜನ್ಯದ ದೂರು ಎಷ್ಟು ಬಂದವು, ಎಷ್ಟಕ್ಕೆ ಎಫ್‌ಐಆರ್ ಆಯಿತು, ಎಷ್ಟನ್ನು ಮುಚ್ಚಳಿಕೆಯಲ್ಲಿ ಮುಗಿಸಿದರು, ಜೂನ್ ಜುಲೈನಲ್ಲಿ ವಾರಕ್ಕೊಮ್ಮೆ ಮಹಿಳಾ ಪೊಲೀಸ್ ಇಲ್ಲಿಗೆ ಬರುತ್ತಾರೆಯೇ. ರಾತ್ರಿ ಹೊತ್ತು ತುರ್ತಿಗೆ 112, ಸಲಹೆಗೆ 181, ಈ ಎರಡು ನಂಬರನ್ನು ಹರಾಜು ಕಟ್ಟೆಯ ಗೋಡೆಯ ಮೇಲೆ ದೊಡ್ಡದಾಗಿ, ಕನ್ನಡದಲ್ಲೂ ಕೊಂಕಣಿಯಲ್ಲೂ ಬರೆಸಲು ನಗರಸಭೆಗೆ ಹೇಳಿ. ಅರ್ಜಿ ಕೊಡಲು ಒಬ್ಬಳೇ ಹೋಗಬೇಡಿ, ಐದು ಜನ ಹೋಗಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ತಾರೀಖು, ಸಹಿ ಹಾಕಿಸಿಕೊಂಡ ಮೇಲೆಯೇ ಅಲ್ಲಿಂದ ಏಳಿ.